ನೆಡುಂತೀವಿನ ಕುದುರೆ ನೋಡಲು: ಪ್ಯಾಕೇಜ್ ಬೋಟೋ, ಊರವರ ದೋಣಿಯೋ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಊರವರ ದೋಣಿಗೆ. ಬೇಗ ಏಳಬೇಕು, ಡೀಸೆಲ್ ವಾಸನೆ ತಡೆದುಕೊಳ್ಳಬೇಕು, ದ್ವೀಪದಲ್ಲೇ ಒಂದು ರಾತ್ರಿ ಉಳಿಯಬೇಕು. ಆದರೂ ಅದೇ. ದುಡ್ಡು ಜಾಸ್ತಿ ಕೊಟ್ಟು ಹೋಗಿ, ಕುದುರೆಗಳನ್ನು ಸರಿಯಾಗಿ ನೋಡದೆ ವಾಪಸ್ ಬಂದವಳು ನಾನು. ಆಮೇಲೆ ಅಕ್ಕನ ಜೊತೆ ಮತ್ತೆ ಹೋಗಿ ಕಣ್ತುಂಬ ನೋಡಿಕೊಂಡು ಬಂದೆ.

ನೆಡುಂತೀವು ಶ್ರೀಲಂಕಾದ ಜಾಫ್ನಾ ಕಡೆಯ ದ್ವೀಪ. ಡಚ್ಚರು ತಮ್ಮ ದೇಶದ ಊರಿನ ಹೆಸರಿಟ್ಟು ಡೆಲ್ಫ್ಟ್ ಎಂದು ಕರೆದರು. ಸುಮಾರು 50 ಚದರ ಕಿಲೋಮೀಟರ್, ಪೂರ್ತಿ ಚಪ್ಪಟೆ ನೆಲ. ಜಾಫ್ನಾ 1619ರಲ್ಲಿ ಪೋರ್ಚುಗೀಸರ ಕೈ ಸೇರಿತು, 1658ರಲ್ಲಿ ಡಚ್ಚರ ಪಾಲಾಯಿತು. ಈ ಇಬ್ಬರ ಕಾಲದಲ್ಲಿ ಸಾಕಿದ್ದ ಕುದುರೆಗಳ ಸಂತತಿಯೇ ಈಗ ಬಯಲಲ್ಲಿ ತನ್ನ ಪಾಡಿಗೆ ತಾನು ಮೇಯ್ದುಕೊಂಡಿದೆ.

ಎರಡು ಸಲವೂ ಬಂಗಾರಪೇಟೆಯಲ್ಲಿ ರೈಲು ಹತ್ತಿ ಚೆನ್ನೈಗೆ, ಅಲ್ಲಿಂದ ವಿಮಾನದಲ್ಲಿ ಜಾಫ್ನಾಗೆ. ನಾಗಪಟ್ಟಣದಿಂದ 2023ರಲ್ಲಿ ಶುರುವಾದ ಹಡಗೂ ಇದೆ. ನಾಲ್ಕು ಗಂಟೆ ಸಮುದ್ರ ಅಂದಿದ್ದಕ್ಕೆ ಅಕ್ಕ ಬೇಡ ಅಂದಳು.

ಮೊದಲ ಸಲ ನಮ್ಮೆಜಮಾನರು, ಮಕ್ಕಳು, ನಾನು. ಆಗಸ್ಟ್ ತಿಂಗಳು. ಏಜೆಂಟರು "ನಿಮ್ಮದೇ ಬೋಟ್, ನಿಮ್ಮದೇ ಟೈಮ್" ಎಂದಿದ್ದರು. ಕುರಿಕಟ್ಟುವಾನ್ ಜೆಟ್ಟಿಗೆ ಒಂಬತ್ತಕ್ಕೇ ಹೋಗಿ ನಿಂತೆವು. ಬೋಟಿನವನು ಇನ್ನೊಂದು ಪಾರ್ಟಿ ಬರಬೇಕು ಅಂದ. ಅವರು ಬಂದ ಮೇಲೆ ಮತ್ತೊಂದು ಪಾರ್ಟಿ. ಹೊರಟಾಗ ಹನ್ನೊಂದು ದಾಟಿತ್ತು. ಅಷ್ಟರಲ್ಲಿ ಗಾಳಿ ಎದ್ದಿತ್ತು. ಸಣ್ಣ ಫೈಬರ್ ಬೋಟು, ಪ್ರತಿ ಅಲೆಗೂ ಎತ್ತಿ ಎತ್ತಿ ಹಾಕುತ್ತಿತ್ತು. ಚಿಕ್ಕವನು ದಾರಿಯುದ್ದಕ್ಕೂ ವಾಂತಿ ಮಾಡಿಕೊಂಡ. ನನ್ನ ಸೀರೆ ಉಪ್ಪು ನೀರಲ್ಲಿ ನೆಂದು, ಒಣಗಿ, ಪಾಪಡ್ ಥರ ಗಟ್ಟಿಯಾಯಿತು.

ಇಳಿದ ಮೇಲಾದರೂ ನೆಮ್ಮದಿ ಅಂದುಕೊಂಡೆವು. ವ್ಯಾನಿನವನ ಕೈಯಲ್ಲಿ ಒಂದು ಪಟ್ಟಿ: ಡಚ್ಚರ ಪಾರಿವಾಳದ ಗೂಡು, ಹವಳದ ಕಲ್ಲಿನ ಹಳೇ ಕೋಟೆ, ಬಾವೊಬಾಬ್ ಮರ, ಬೆಳೆಯುತ್ತಿದೆ ಎಂದು ಜನ ಪೂಜಿಸುವ ಕಲ್ಲು. ಕುದುರೆ ಕೊನೆಯಲ್ಲಿ. ಮೊದಲು ಕುದುರೆ ತೋರಿಸಪ್ಪ ಅಂತ ಎಷ್ಟು ಕೇಳಿಕೊಂಡರೂ ದಾರಿ ಇರುವುದೇ ಹೀಗೆ ಅಂದ. ಬಯಲಿಗೆ ಹೋದಾಗ ಎರಡೂವರೆ, ಸುಡುವ ಬಿಸಿಲು. ದೂರದಲ್ಲಿ ಎಂಟು ಹತ್ತು ಕಂದು ಚುಕ್ಕೆಗಳು. ಅವೇ ಕುದುರೆ. ಇಳಿದು ನಡೆಯೋಣ ಅನ್ನುವಷ್ಟರಲ್ಲಿ ಬೋಟಿನವನ ಫೋನು, ಬನ್ನಿ ಬನ್ನಿ, ಸಮುದ್ರ ಕೆಡುತ್ತಿದೆ ಅಂತ. ಐದು ನಿಮಿಷ. ಅಷ್ಟು ದೂರದಿಂದ, ಅಷ್ಟು ದುಡ್ಡು ಸುರಿದು ಬಂದಿದ್ದಕ್ಕೆ ಸಿಕ್ಕಿದ್ದು ಐದು ನಿಮಿಷ. ವಾಪಸ್ ಬರುವಾಗ ಮಗಳು ಅತ್ತಳು. ನನಗೂ ಅಳು ಬಂತು.

ಎರಡನೇ ಸಲ ಫೆಬ್ರವರಿ. ಜಾಫ್ನಾದಿಂದ 776 ನಂಬರ್ ಬಸ್ಸು, ಸೀದಾ ಅದೇ ಜೆಟ್ಟಿಗೆ. ದ್ವೀಪದವರು ದಿನಾ ಓಡಾಡುವ ದೋಣಿಯಲ್ಲಿ ಅಕ್ಕಿ ಮೂಟೆ, ಗ್ಯಾಸ್ ಸಿಲಿಂಡರ್, ಸ್ಕೂಲ್ ಟೀಚರುಗಳು, ನಾವು. ಕೆಳಗೆ ಹಲಗೆ ಮೇಲೆ ಕೂತರೆ ಎಂಜಿನ್ ಬಿಸಿ ಕಾಲಿಗೆ ತಾಗುತ್ತದೆ. ಒಂದು ಗಂಟೆ ಪ್ರಯಾಣ. ದೋಣಿ ಭಾರವಾಗಿದ್ದರಿಂದ ಅಷ್ಟೊಂದು ಕುಲುಕಲಿಲ್ಲ. ಕೋಲಾರದವರಿಗೆ ತಮಿಳು ಹೊಸದಲ್ಲ, ಅಲ್ವಾ? ಆದರೆ ಹೌದು ಅನ್ನೋದಕ್ಕೆ ಅಲ್ಲಿಯವರು "ಆಮಾ" ಬದಲು "ಓಂ" ಅನ್ನುತ್ತಾರೆ. ಪಕ್ಕದ ಅಜ್ಜಿ ನಮ್ಮ ಮಾತಿಗೆಲ್ಲ "ಓಂ, ಓಂ" ಅಂದಾಗ ಅಕ್ಕ ಮೊದಲು ಜಪ ಮಾಡುತ್ತಿದ್ದಾರೆ ಅಂದುಕೊಂಡಿದ್ದಳು. ಕುದಿರೈ ಎಲ್ಲಿ ಎಂದು ಕೇಳಿದ್ದಕ್ಕೆ ಆ ಅಜ್ಜಿಯೇ ಹೇಳಿದ್ದು, ಬಿಸಿಲು ಇಳಿದ ಮೇಲೆ ದಕ್ಷಿಣದ ಬಯಲಿಗೆ ಹೋಗಿ, ನೀರಿಗೆ ಬರುತ್ತವೆ ಅಂತ.

ಮಧ್ಯಾಹ್ನವೆಲ್ಲ ಸುಮ್ನೆ ನಡೆದೆವು. ಮನೆ, ಹಿತ್ತಿಲು, ಹೊಲ, ಎಲ್ಲಕ್ಕೂ ಎದೆಮಟ್ಟದ ಗೋಡೆ. ಗಾರೆ ಇಲ್ಲ, ಒಂದರ ಮೇಲೊಂದು ಜೋಡಿಸಿದ್ದು ಅಷ್ಟೇ. ಹತ್ತಿರ ಹೋದರೆ ಅದು ಹವಳ. ಒಂದರಲ್ಲಿ ಜೇನುಹುಟ್ಟಿನಂತೆ ತೂತು, ಇನ್ನೊಂದರಲ್ಲಿ ರೊಟ್ಟಿ ತಟ್ಟಿದ ಬೆರಳಿನ ಗುರುತಿನಂಥ ಗೆರೆ. ವ್ಯಾನಿನಲ್ಲಿ ಹೋದಾಗ ಇದನ್ನು ನಾನು ನೋಡಿರಲೇ ಇಲ್ಲ.

ಐದು ಗಂಟೆಗೆ ಬಯಲಿನ ಒಂದು ಕುಂಟೆ ಹತ್ತಿರ ಕೂತೆವು. ಸ್ವಲ್ಪ ಹೊತ್ತಿಗೆ ಒಂದು ಹೆಣ್ಣು ಕುದುರೆ ಬಂತು, ಹಿಂದೆ ಮರಿ, ಅದರ ಹಿಂದೆ ಇನ್ನೂ ಹನ್ನೆರಡು. ಎತ್ತರ ಜಾಸ್ತಿ ಇಲ್ಲ. ಜೂಲಿನಲ್ಲಿ ಮುಳ್ಳುಕಾಯಿ ಸಿಕ್ಕಿಕೊಂಡು ಗಂಟುಗಂಟಾಗಿತ್ತು. ಮರಿ ನೀರಿಗೆ ಮೂತಿ ಇಟ್ಟು, ಬೆಚ್ಚಿ ಹಿಂದೆ ಜಿಗಿದು, ಮತ್ತೆ ಇಟ್ಟಿತು. ಅವು ನೀರು ಹೀರುವ ಸದ್ದು ನಮಗೆ ಕೇಳಿಸುತ್ತಿತ್ತು. ನಮ್ಮ ಜಿಲ್ಲೆಯಂತೆ ಅಲ್ಲೂ ತುಂಬಿ ಹರಿಯುವ ನದಿ ಇಲ್ಲ. ಮಳೆ ನಿಂತು ತಿಂಗಳುಗಳಾದರೆ ಈ ಕುದುರೆಗಳು ನೀರಿಗೆ ಒದ್ದಾಡುತ್ತವೆ. ಕೆರೆ ಒಣಗಿದ್ದನ್ನು ನೋಡುತ್ತಾ ಬೆಳೆದ ನನಗೆ ಆ ಕುಂಟೆಯಲ್ಲಿ ನೀರಿದ್ದದ್ದೇ ದೊಡ್ಡ ಸಮಾಧಾನ.

ಖರ್ಚು: ರಾತ್ರಿ ಉಳಿದ ರೂಮು ಸೇರಿಸಿದರೂ ಪ್ಯಾಕೇಜಿನ ಅರ್ಧಕ್ಕಿಂತ ಕಮ್ಮಿ. ಊಟ: ಅನ್ನ, ಮೀನು, ತೆಂಗಿನಕಾಯಿ ಸಂಬಲ್. ಮೀನು ತಿನ್ನದ ಅಕ್ಕನಿಗೆ ಬೇಳೆ ಸಾರು ಮಾಡಿಕೊಟ್ಟರು. ಸ್ನಾನದ ನೀರು ಉಪ್ಪುಪ್ಪು. ಕುಡಿಯುವ ನೀರು ಜಾಫ್ನಾದಿಂದಲೇ ತಗೊಂಡು ಹೋಗಿ.

ತಿಂಗಳು ಬೇರೆಯಾಗಿದ್ದೂ ನಮಗೆ ಅನುಕೂಲವಾಯಿತು, ಅದನ್ನು ಒಪ್ಪುತ್ತೇನೆ. ಫೆಬ್ರವರಿಯಲ್ಲಿ ಹೋಗಿದ್ದರೆ ಆ ಫೈಬರ್ ಬೋಟೂ ಅಷ್ಟು ಕಾಡುತ್ತಿರಲಿಲ್ಲವೇನೋ. ಆದರೆ ಮಧ್ಯಾಹ್ನವೇ ವಾಪಸ್ ಹೊರಡಿಸುವ ಬೋಟಿನಲ್ಲಿ ಸಂಜೆಯ ಕುಂಟೆ ಸಿಗುವುದಿಲ್ಲ. ನಾವಿಬ್ಬರೂ ಐದಕ್ಕೆ ಏಳುವವರು, ಎಲ್ಲಿ ಬೇಕಾದರೂ ಮಲಗುವವರು. ಹಾಗಾಗಿ ನಮಗೆ ಇದು ಒಗ್ಗಿತು. ಮಂಡಿ ನೋವಿನವರನ್ನು ಕರೆದುಕೊಂಡು ಹೋಗುವುದಾದರೆ ಜೆಟ್ಟಿವರೆಗೆ ಕಾರು ಮಾಡಿ, ದೋಣಿ ಮಾತ್ರ ಇದೇ ಇರಲಿ. ವಾಪಸ್ ದೋಣಿ ಎಷ್ಟು ಹೊತ್ತಿಗೆ ಅಂತ ಹಿಂದಿನ ರಾತ್ರಿಯೇ ಉಳಿದುಕೊಂಡ ಮನೆಯವರನ್ನು ಕೇಳಿಟ್ಟುಕೊಳ್ಳಿ. ಮುಂದಿನ ಫೆಬ್ರವರಿಗೆ ಮಗಳನ್ನು ಕರೆದುಕೊಂಡು ಹೋಗುತ್ತಿದ್ದೇನೆ, ಈ ಸಲ ಎರಡು ರಾತ್ರಿ.