ಮೂರು ಶಂಖ ಊದಿ ನೋಡಿದೆ

ಹೋದ ಶ್ರಾವಣದಲ್ಲಿ ದೇವರ ಜಗಲಿ ಮೇಲಿಂದ ಬಿದ್ದು ನಮ್ಮನೆ ಹಳೇ ಶಂಖ ಸೀಳು ಬಿಟ್ಟಿತು. ಊದಿದರೆ ಬರೀ ಗಾಳಿ. ಅಪ್ಪ ಇದ್ದಾಗ ಗಂಗಾವತಿಯ ನಮ್ಮ ಓಣಿ ತುದಿಗೂ ಕೇಳುತ್ತಿದ್ದ ಶಂಖ ಅದು. ಹೊಸದೊಂದು ತರೋಣ ಅಂತ ಹೊರಟವನ ಹತ್ತಿರ ಈಗ ಮೂರಿವೆ. ಎರಡು ತಿಂಗಳು ಮೂರನ್ನೂ ಊದಿದ್ದೇನೆ. ಪಕ್ಕದ ಮನೆಯವರು ಪಾಪ, ಏನೂ ಅನ್ನಲಿಲ್ಲ.

ಮೊದಲನೆಯದು ಹುಲಿಗಿಯಲ್ಲಿ ತಗೊಂಡಿದ್ದು. ಹುಣ್ಣಿಮೆ ದಿನ ಹುಲಿಗೆಮ್ಮನ ದರ್ಶನ ಮುಗಿಸಿ ಬರುವಾಗ ಕಣ್ಣಿಗೆ ಬಿತ್ತು. ಊದುವ ತುದಿಗೆ ಹಿತ್ತಾಳೆ ಕಟ್ಟು, ಮೈತುಂಬ ಹಿತ್ತಾಳೆ ಬಳ್ಳಿ, 900 ರೂಪಾಯಿ. ತುಟಿಗೆ ಹಿತವಾಗಿದೆ, ಮೊದಲ ದಿನವೇ ಸದ್ದು ಬಂತು. ಆದರೆ ಸದ್ದು ಚೂಪು, ಕಹಳೆ ಊದಿದ ಹಾಗೆ. ಹಿತ್ತಾಳೆ ಕೂಡಿಸಿದ ಜಾಗದಲ್ಲಿ ಗಾಳಿ ಸೋರುತ್ತದೆ. ಒಂದೇ ತಿಂಗಳಿಗೆ ಬಳ್ಳಿಯ ಸಂದಿಯಲ್ಲಿ ಹಸಿರು ಕಿಲುಬು. ಹರಿವಾಣ ತಿಕ್ಕಿದಂತೆ ಹುಣಸೆಹಣ್ಣು ಹಾಕಿ ತಿಕ್ಕಿದೆ ನೋಡಿ, ಹಿತ್ತಾಳೆ ಫಳಫಳ. ಅದರ ಪಕ್ಕದ ಶಂಖ ಮಾತ್ರ ಹೊಳಪು ಹೋಗಿ ಸೀಮೆಸುಣ್ಣದಂತಾಯಿತು. ಶಂಖವೂ ಒಂದು ಥರ ಸುಣ್ಣವೇ, ಕ್ಯಾಲ್ಸಿಯಂ ಕಾರ್ಬೊನೇಟ್. ಹುಳಿ ತಾಗಿದರೆ ಕರಗುತ್ತೆ. ನಿಂಬೆಹಣ್ಣೂ ಬೇಡ. ಬರೀ ನೀರು, ಮೆತ್ತನೆ ಬಟ್ಟೆ ಸಾಕು.

ಎರಡನೆಯದನ್ನು ಕಾಕಾ ರಾಮೇಶ್ವರದಿಂದ ತಂದರು. ಐದಿಂಚಿನದು, 600 ರೂಪಾಯಿ, ಒಂದು ಅಲಂಕಾರವೂ ಇಲ್ಲ. ತುದಿ ಕೊಯ್ದು ನಯ ಮಾಡಿದ್ದಾರೆ ಅಷ್ಟೇ. ಟರ್ಬಿನೆಲ್ಲಾ ಪೈರಮ್ ಅನ್ನೋ ಸಮುದ್ರದ ಬಸವನಹುಳುವಿನ ಚಿಪ್ಪು ಇದು. ರಾಮೇಶ್ವರದ ಬಳಿಯ ಮನ್ನಾರ್ ಕೊಲ್ಲಿಯಲ್ಲಿ ಮುಳುಗಿ ತೆಗೆಯುತ್ತಾರೆ. ಕೈಯಲ್ಲಿ ಹಿಡಿದರೆ ಗುಂಡುಕಲ್ಲಿನಷ್ಟು ಭಾರ.

ಮೂರು ದಿನ ಬರೀ ಉಗುಳು. ಅವ್ವ ಅಡುಗೆಮನೆಯಿಂದಲೇ, "ಎಮ್ಮಿ ಉಸ್ಸಂದಂಗ ಆಗಾಕತ್ತೇತಿ, ದೇವರಿಗೆ ಕೇಳ್ತತೇನೋ ಅದು?" ಅಂದಳು. ದಾರಿ ತೋರಿಸಿದ್ದು ಶ್ರಾವಣ ಶನಿವಾರ ಜಾಗಟೆ ಹಿಡಿದು ಬರುವ ದಾಸಯ್ಯ. "ಗಲ್ಲ ಉಬ್ಬಿಸಬ್ಯಾಡ್ರಿ ತಮ್ಮಾ. ತುಟಿ ಬಿಗಿ ಹಿಡೀರಿ, ಸಣ್ಣ ಹುಡುಗ್ರು ಪುರ್ರ್ ಅಂತಾರಲ್ಲ, ಹಂಗ" ಅಂದ. ಊದುವುದು ಗಾಳಿಯನ್ನಲ್ಲ, ತುಟಿಯ ನಡುಕವನ್ನು. ನಾಲ್ಕನೇ ದಿನ ಬಂತು ನೋಡಿ ಸದ್ದು! ದುಂಡಗೆ, ತುಂಬಿಕೊಂಡು, ಎದೆಗೂಡಿಗೇ ತಾಗುವಂಥದ್ದು. ಹುಲಿಗಿಯದನ್ನು ಅವತ್ತಿನಿಂದ ಮುಟ್ಟಿಲ್ಲ.

ಇಷ್ಟಕ್ಕೇ ಸುಮ್ನೆ ಇರಬಹುದಿತ್ತು, ಅಲ್ವಾ? ಇರಲಿಲ್ಲ. ದಕ್ಷಿಣಾವರ್ತಿ ಶಂಖ ಮನೆಯಲ್ಲಿದ್ದರೆ ಲಕ್ಷ್ಮಿ ಅಂತ ಆನ್‌ಲೈನ್‌ನಲ್ಲಿ 3,500 ಕೊಟ್ಟು ತರಿಸಿದೆ. ಊದೋಕೂ ಆಗುತ್ತೆ, ತೀರ್ಥಕ್ಕೂ ಆಗುತ್ತೆ ಅಂದಿದ್ದ ಮಾರುವವ. ಅಲ್ಲೇ ಅನುಮಾನ ಬರಬೇಕಿತ್ತು. ಶಂಖದಿಂದ ಬಿದ್ದರೇ ತೀರ್ಥ ಅನ್ನುತ್ತಾರೆ ನಿಜ. ಆದರೆ ಆ ಶಂಖದ ತುದಿ ಕೊಯ್ದಿರುವುದಿಲ್ಲ. ಊದಿದ್ದು ಎಂಜಲು, ತೀರ್ಥಕ್ಕೆ ನಡೆಯುವುದಿಲ್ಲ.

ಬಾಲ, ಅಂದರೆ ಊದುವ ತುದಿಯ ಎದುರಿನ ಚೂಪು ಕೊನೆ, ಮೇಲೆ ಮಾಡಿ, ಸೀಳಿನಂಥ ದೊಡ್ಡ ಬಾಯಿ ನಮ್ಮ ಕಡೆ ತಿರುಗಿಸಿ ಹಿಡಿದರೆ ಮಾಮೂಲಿ ಶಂಖದ ಬಾಯಿ ಎಡಕ್ಕಿರುತ್ತದೆ. ಬಲಕ್ಕಿದ್ದರೆ ದಕ್ಷಿಣಾವರ್ತಿ. ಅದೇ ಜಾತಿಯಲ್ಲಿ ಅಂಥದ್ದು ಸಿಗುವುದು ಭಾಳ ಅಪರೂಪ. ನನಗೆ ಬಂದದ್ದರ ಬಾಯಿ ಬಲಕ್ಕೇ ಇತ್ತು, ಸುಳ್ಳಲ್ಲ. ಆದರೆ ಕಾಕಾ ತಂದದ್ದರ ಬಾಯೊಳಗೆ ನಡುವಿರುವ ಕಂಬದ ಮೇಲೆ ಬೆರಳಾಡಿಸಿದರೆ ಮೂರು ಏಣು ತಾಗುತ್ತವೆ. ಇದರಲ್ಲಿ ನುಣ್ಣಗೆ, ಒಂದೂ ಇಲ್ಲ. ಇದು ಅಮೆರಿಕದ ಕಡಲತೀರದ ಬೇರೆ ಜಾತಿ, ಲೈಟ್ನಿಂಗ್ ವೆಲ್ಕ್. ಅಲ್ಲಿ ಹೆಚ್ಚುಕಮ್ಮಿ ಎಲ್ಲವೂ ಹೀಗೇ ಬಲಕ್ಕೆ ಬಾಯಿ ತೆರೆದಿರುತ್ತವೆ. ಅಪರೂಪ ಎಲ್ಲಿಂದ ಬಂತು? ಚಿಪ್ಪು ತೆಳು, ಬಾಯಿ ಅಗಲ, ಸದ್ದು ಒಡಕು. ವಾಪಸ್ ಕೇಳಿದ್ದಕ್ಕೆ ಮಾರಿದವ, "ಕಿವಿಗಿಟ್ಟು ನೋಡಿ ಸಾರ್, ಓಂಕಾರ ಕೇಳಿದರೆ ಅಸಲಿ" ಅಂದ. ಅಡುಗೆಮನೆಯ ತಾಮ್ರದ ಚೊಂಬು ಕಿವಿಗಿಟ್ಟೆ. ಅದರಲ್ಲೂ ಅದೇ ಓಂಕಾರ. ಸುತ್ತಲಿನ ಸದ್ದೇ ಒಳಗೆ ಗುಂಯ್‌ಗುಡುತ್ತೆ, ಅಷ್ಟೇ.

ಈಗ ಬೆಳಿಗ್ಗೆ ಊದುವುದು ಕಾಕಾ ತಂದದ್ದನ್ನೇ. ತೀರ್ಥಕ್ಕೆ ಅವ್ವನ ತವರಿನ ಪುಟ್ಟ ಶಂಖ ಇದೆ. ಮೂರೂವರೆ ಸಾವಿರದ್ದು ಟಿವಿ ಪಕ್ಕ ಕೂತಿದೆ. ಬಂದವರು ಎತ್ತಿ ಕಿವಿಗಿಟ್ಟು, "ಓಂ ಅಂತೈತ್ರೀ!" ಅಂತಾರೆ. ಅವ್ವ ಒಳಗೆ ಹೋಗಿ ಚೊಂಬು ತಂದು ಕೈಗೆ ಕೊಡುತ್ತಾಳೆ.