ಮೆಕ್ಯಾನಿಕಲ್ ಸೀಟಿಗೆ ಅಡ್ವಾನ್ಸ್ ಕೊಡುವ ಮುಂಚೆ ಲೇತ್ ಕೆಳಗಿನ ಟ್ರೇ ನೋಡಿ

ಸಿಇಟಿ ಫಲಿತಾಂಶ ಬಂದ ಮೇಲೆ ಎಂಜಿನಿಯರಿಂಗ್ ಸೀಟು ಕೊಡಿಸ್ತೀವಿ ಅನ್ನುವ ಏಜೆಂಟರ ಫೋನ್ ಶುರುವಾಗುತ್ತದೆ. ನಿಮ್ಮ ನಂಬರ್ ಅವರಿಗೆ ಹೇಗೆ ಸಿಕ್ಕಿತು ಅಂತ ತಲೆ ಕೆಡಿಸಿಕೊಳ್ಳಬೇಡಿ, ಸಿಗುತ್ತದೆ ಅಷ್ಟೇ. 2018ರಲ್ಲಿ ನಮ್ಮ ಮನೆಗೂ ಬಂದಿತ್ತು.

ನಮ್ಮದು ತುಮಕೂರು. ದೊಡ್ಡಪ್ಪ ಇಲ್ಲಿನ ಎಚ್‌ಎಂಟಿ ವಾಚ್ ಫ್ಯಾಕ್ಟರಿಯಲ್ಲಿ ದುಡಿದು ರಿಟೈರ್ ಆದವರು. "ಮೆಕ್ಯಾನಿಕಲ್ ಓದಿದವನು ಖಾಲಿ ಕೂರಲ್ಲ ಕಣೋ" ಅನ್ನುತ್ತಿದ್ದರು. ಎಚ್‌ಎಂಟಿ ವಾಚ್ ಕಂಪನಿ ಮುಚ್ಚಲು ಕೇಂದ್ರ ಸರ್ಕಾರ 2016ರಲ್ಲೇ ತೀರ್ಮಾನಿಸಿತ್ತು. ನಮ್ಮ ಮನೆಯಲ್ಲಿ ಮಾತ್ರ ಆ ಮಾತು ಇನ್ನೂ ಓಡುತ್ತಲೇ ಇತ್ತು.

ನನ್ನ ರ‍್ಯಾಂಕ್ ಎಪ್ಪತ್ತು ಸಾವಿರದ ಆಚೆ. "ಮೆಕ್ಯಾನಿಕಲ್‌ನಲ್ಲಿ ಎರಡೇ ಸೀಟ್ ಉಳಿದಿರೋದು ಸಾರ್, ಇವತ್ತು ಅಡ್ವಾನ್ಸ್ ಕೊಟ್ರೆ ಲಾಕ್ ಮಾಡಿಸ್ತೀನಿ" ಅಂದ ಏಜೆಂಟ್. ಅಪ್ಪ ಒಡವೆ ಅಡವಿಟ್ಟು ಮ್ಯಾನೇಜ್‌ಮೆಂಟ್ ಕೋಟಾಗೆ ದುಡ್ಡು ಕಟ್ಟಿದರು. ಎಸ್ಸೆಸ್ಸೆಲ್ಸಿ, ಪಿಯು ಮಾರ್ಕ್ಸ್ ಕಾರ್ಡು, ಟಿಸಿ ಎಲ್ಲದರ ಒರಿಜಿನಲ್ ಕೊಟ್ಟು ಬಂದೆವು. ಎರಡನೇ ಸುತ್ತಿನಲ್ಲಿ ಸಿಇಟಿ ನಡೆಸಿ ಸೀಟು ಹಂಚುವ ಕೆಇಎಯಿಂದಲೇ ನನಗೆ ಬೇರೆ ಕಡೆ ಸೀಟು ಬಂತು. ಒರಿಜಿನಲ್ ವಾಪಸ್ ಕೇಳಲು ಹೋದರೆ ಆಫೀಸಿನವರು ತಲೆ ಎತ್ತದೆ ಹೇಳಿದರು: "ನಾಲ್ಕು ವರ್ಷದ ಫೀಸು ಕಟ್ಟಿ, ತಗೊಂಡು ಹೋಗಿ."

ಒರಿಜಿನಲ್ ಇಟ್ಟುಕೊಳ್ಳುವ ಹಾಗಿಲ್ಲ, ಗಡುವಿನೊಳಗೆ ಸೀಟು ಬಿಟ್ಟರೆ ಹೆಚ್ಚೆಂದರೆ 1,000 ರೂಪಾಯಿ ಹಿಡಿದುಕೊಂಡು ಉಳಿದ ಫೀಸು ವಾಪಸ್ ಕೊಡಬೇಕು ಅನ್ನುವುದು ಎಐಸಿಟಿಇ (ಕೇಂದ್ರದ ತಾಂತ್ರಿಕ ಶಿಕ್ಷಣ ಮಂಡಳಿ) ನಿಯಮ. ಇದು ನನಗೆ ಗೊತ್ತಾಗಿದ್ದು ಮೂರನೇ ವರ್ಷದಲ್ಲಿ.

ಬೇರೆ ದಾರಿಯಿಲ್ಲದೆ ಅಲ್ಲೇ ಉಳಿದೆ. ಕ್ಲಾಸಿಗೆ ಹೋದರೆ ಅರವತ್ತು ಸೀಟಿಗೆ ಹದಿನಾಲ್ಕು ಜನ. ಪಕ್ಕದಲ್ಲಿ ಕೂತವನ ರ‍್ಯಾಂಕ್ ಒಂದು ಲಕ್ಷ ದಾಟಿತ್ತು, ಅವನು ಬಂದಿದ್ದು ಸರ್ಕಾರಿ ಕೋಟಾದಲ್ಲಿ! ಯಾರೂ ಕೇಳದ ಸೀಟಿಗೆ ನಾವು ಒಡವೆ ಇಟ್ಟಿದ್ದೆವು. ಅಪ್ಪನಿಗೆ ಇದನ್ನು ಇವತ್ತಿಗೂ ಹೇಳಿಲ್ಲ.

ಸೇರುವ ದಿನ ವರ್ಕ್‌ಶಾಪ್ ತೋರಿಸಿದ್ದರು. ಸಾಲಾಗಿ ಆರು ಲೇತ್ (ಲೋಹದ ತುಂಡನ್ನು ತಿರುಗಿಸುತ್ತಾ ಕೊರೆಯುವ ಮೆಷಿನ್), ಫಳಫಳ ಹಸಿರು ಪೇಂಟ್. ಆಮೇಲೆ ಗೊತ್ತಾಯಿತು, ಓಡುತ್ತಿದ್ದುದು ಎರಡೇ. ಪ್ರಾಕ್ಟಿಕಲ್‌ನಲ್ಲಿ ಇನ್‌ಸ್ಟ್ರಕ್ಟರ್ ಒಂದು ಪೀಸಿಗೆ ಫೇಸಿಂಗ್, ಟರ್ನಿಂಗ್ ಮಾಡುತ್ತಿದ್ದರು. ನಾವು ಸುತ್ತ ನಿಂತು ನೋಡಿ ರೆಕಾರ್ಡ್ ಬರೆಯುತ್ತಿದ್ದೆವು. ಪ್ಲೇಸ್‌ಮೆಂಟ್ ಅಂತ ಬಂದವೆಲ್ಲ ಸಾಫ್ಟ್‌ವೇರ್ ಕಂಪನಿಗಳು.

2022ರಲ್ಲಿ ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದ ಒಂದು ಕಡೆ ಇಂಟರ್‌ವ್ಯೂ. ಪ್ರೊಡಕ್ಷನ್ ಮ್ಯಾನೇಜರ್ ಮಾತೇ ಆಡದೆ ಒಂದು ಬುಷ್ (ಟೊಳ್ಳು ಲೋಹದ ತುಂಡು) ಮತ್ತು ಅದನ್ನು ಅಳೆಯುವ ವರ್ನಿಯರ್ ಮುಂದಿಟ್ಟರು. ಲೀಸ್ಟ್ ಕೌಂಟ್, ಅಂದರೆ ಅದು ಅಳೆಯಬಲ್ಲ ಅತಿ ಸಣ್ಣ ಅಳತೆ, 0.02 ಮಿ.ಮೀ. ಅಂತ ಬಾಯಲ್ಲಿ ಇತ್ತು, ಕೈಯಲ್ಲಿ ಇರಲಿಲ್ಲ. ದವಡೆ ಓರೆಯಾಗಿ ಹಿಡಿದು ಮೂರು ಸಲ ಮೂರು ಅಳತೆ ಹೇಳಿದೆ. ಸರ್ಕಾರಿ ಟೂಲ್ ರೂಮ್ ತರಬೇತಿ ಕೇಂದ್ರ ಜಿಟಿಟಿಸಿಯಲ್ಲಿ ಡಿಪ್ಲೊಮಾ ಮಾಡಿದ್ದ ಹುಡುಗ ಒಂದೇ ಸಲ ಹಿಡಿದು "24.36 ಸಾರ್" ಅಂದ. ಕೆಲಸ ಅವನಿಗೆ ಸಿಕ್ಕಿತು, ಸಿಗಬೇಕಾದ್ದೂ ಅವನಿಗೇ.

ಮೆಕ್ಯಾನಿಕಲ್ ಕೆಟ್ಟ ಬ್ರಾಂಚ್ ಅಂತ ನಾನು ಹೇಳುತ್ತಿಲ್ಲ. ಆಮೇಲೆ ಕಡಿಮೆ ಸಂಬಳಕ್ಕೆ ಕ್ವಾಲಿಟಿ ವಿಭಾಗ ಸೇರಿ, ಕಾಲೇಜಿನಲ್ಲಿ ಕಲಿಯದ್ದನ್ನು ಎರಡು ವರ್ಷದಲ್ಲಿ ಕಲಿತೆ. ಕೆಲಸ ಇಷ್ಟವೂ ಆಗಿದೆ. ಆದರೆ ದುಡ್ಡು ಕೊಡುವ ಮುಂಚೆ ಕೆಇಎ ವೆಬ್‌ಸೈಟಿನಲ್ಲಿ ಹೋದ ವರ್ಷದ ಕಟಾಫ್ ರ‍್ಯಾಂಕ್ ನೋಡಿ. ನಿಮ್ಮ ರ‍್ಯಾಂಕಿಗಿಂತ ಎಷ್ಟೋ ಕೆಳಗಿನವರಿಗೆ ಸೀಟು ಸಿಕ್ಕಿದ್ದರೆ ಏಜೆಂಟ್ ಯಾಕೆ ಬೇಕು? ಗೇಟಿನ ಮೇಲೆ ಗುಣಮಟ್ಟಕ್ಕೆ ಕೊಡುವ ನ್ಯಾಕ್ ಗ್ರೇಡ್ ಬರೆಸಿರುತ್ತಾರೆ, ಅದು ಇಡೀ ಕಾಲೇಜಿನದು. ಎನ್‌ಬಿಎ ಮಾನ್ಯತೆ ಬ್ರಾಂಚಿಗೆ ಬ್ರಾಂಚಿಗೆ ಬೇರೆ. ಮೆಕ್ಯಾನಿಕಲ್‌ಗೆ ಇದೆಯಾ ಅಂತ ಬಿಡಿಸಿ ಕೇಳಿ. ಒರಿಜಿನಲ್ ಅಂತೂ ಪರಿಶೀಲನೆ ಮುಗಿದ ತಕ್ಷಣ ಕೈಗೆ ವಾಪಸ್ ಬರಬೇಕು.

ಹೋಗುವುದಾದರೆ ಕ್ಲಾಸ್ ನಡೆಯುವ ದಿನವೇ ಹೋಗಿ. ಪೇಂಟ್ ನೋಡಬೇಡಿ, ಲೇತ್ ಕೆಳಗಿನ ಟ್ರೇ ನೋಡಿ. ಓಡುವ ಮೆಷಿನ್ ಆದರೆ ಅಲ್ಲಿ ಚಿಪ್ಸ್ (ಕೊರೆದ ಲೋಹದ ಚೂರು) ಬಿದ್ದಿರುತ್ತದೆ, ಮೆಷಿನ್ ತಂಪಾಗಿಸಲು ಸುರಿಯುವ ಕೂಲೆಂಟ್ ವಾಸನೆ ಹೊಡೆಯುತ್ತದೆ.

ದೊಡ್ಡಪ್ಪನ ಮೊಮ್ಮಗ ಈ ಸಲ ಸಿಇಟಿ ಬರೆದಿದ್ದಾನೆ. ಮೊನ್ನೆ ಒಂದು ಕಾಲೇಜಿನಿಂದ ಫೋಟೋ ಕಳಿಸಿದ. ಪೇಂಟ್ ಎದ್ದುಹೋದ ಹಳೇ ಲೇತ್, ಟ್ರೇ ತುಂಬ ಸುರುಳಿ ಸುರುಳಿ ಕಬ್ಬಿಣದ ಚೂರು. "ಚಿಕ್ಕಪ್ಪ, ತುಂಬಾ ಗಲೀಜಾಗಿದೆ" ಅಂತ ಬರೆದಿದ್ದ. ಅದನ್ನೇ ಮೊದಲ ಆಪ್ಷನ್ ಹಾಕು ಅಂದೆ.