ಪಹಣಿ ಇನ್ನೂ ತಾತನ ಹೆಸರಲ್ಲೇ ಇದೆಯಾ? ಮಕ್ಕಳಿಗೆ ಬಿಎಸ್ಸಿ ಅಗ್ರಿ ಓದಿಸುವ ಆಸೆ ಇದ್ದರೆ ಇದನ್ನು ಓದಿ

ನಾನು 2011ರಲ್ಲಿ ಸಿಇಟಿ ಬರೆದವನು. ಆ ಒಂದೇ ಧೈರ್ಯದ ಮೇಲೆ ಅಕ್ಕನಿಗೆ, "ಅರ್ಜಿ ವಿಷಯ ನಂಗೆ ಬಿಡು, ನಾನು ನೋಡ್ಕೋತೀನಿ" ಎಂದುಬಿಟ್ಟೆ. ಮುಂದೆ ಆದ ಎಡವಟ್ಟುಗಳಲ್ಲಿ ಅರ್ಧ ಅಲ್ಲೇ ಶುರುವಾದವು.

ಅಕ್ಕನ ಮನೆ ಹಾಸನ ಜಿಲ್ಲೆಯ ಒಂದು ಹಳ್ಳಿಯಲ್ಲಿ. ಮೂರು ಎಕರೆ ಜಮೀನು. ಅರ್ಧ ತೆಂಗು, ಉಳಿದದ್ದರಲ್ಲಿ ರಾಗಿ, ಜೊತೆಗೆ ಸಾಲಿಗೆ ಅವರೆ. ಮಗಳು ಪಿಯುಸಿಯಲ್ಲಿ ಪಿಸಿಎಂಬಿ (ಭೌತ, ರಸಾಯನ, ಗಣಿತ, ಜೀವಶಾಸ್ತ್ರ) ತಗೊಂಡಿದ್ದಳು. ಅವಳಿಗೆ ಡಾಕ್ಟರು, ಇಂಜಿನಿಯರು ಯಾವುದೂ ಬೇಡ. ಬಿಎಸ್ಸಿ ಅಗ್ರಿನೇ ಬೇಕು, ಅದೂ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲೇ. ಆ ಹುಚ್ಚು ಹಿಡಿಸಿದವನೂ ನಾನೇ ಅನ್ನಿ. ಅಲ್ಲಿನ ನವೆಂಬರಿನ ಕೃಷಿ ಮೇಳಕ್ಕೆ ಕರೆದುಕೊಂಡು ಹೋಗಿದ್ದೆ. ಬಂದವಳು ಒಂದು ವಾರ ಬೇರೆ ಮಾತೇ ಆಡಲಿಲ್ಲ.

ಗೊತ್ತಿಲ್ಲದವರಿಗೆ ಒಂದು ಮಾತು. ಬೆಂಗಳೂರು, ಧಾರವಾಡ, ರಾಯಚೂರು, ಶಿವಮೊಗ್ಗದ ಕೃಷಿ ವಿಶ್ವವಿದ್ಯಾಲಯಗಳು, ಬಾಗಲಕೋಟೆಯ ತೋಟಗಾರಿಕೆ ವಿಶ್ವವಿದ್ಯಾಲಯ, ಇವೆಲ್ಲ ಸರ್ಕಾರದವು. ಇಲ್ಲಿನ ಪದವಿ ಸೀಟುಗಳಲ್ಲಿ ಹೆಚ್ಚಿನವು ಸಿಇಟಿ ಮೂಲಕ, ಅಂದರೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಕೌನ್ಸೆಲಿಂಗ್‌ನಲ್ಲಿ ಸಿಗುತ್ತವೆ. ಇದರಲ್ಲಿ ಕೃಷಿಕರ ಮಕ್ಕಳಿಗೆ ಅಂತಲೇ ಒಂದು ದೊಡ್ಡ ಪಾಲು ಇದೆ. ಮೊದಲು ಶೇ 40 ಇತ್ತು, ಈಚಿನ ವರ್ಷಗಳಲ್ಲಿ ಶೇ 50ಕ್ಕೆ ಏರಿಸಿದ್ದಾರೆ. ಹುಡುಗರು ಅಗ್ರಿ ಕೋಟಾ ಅಂತಾರೆ.

ಈ ಕೋಟಾದ ಲೆಕ್ಕವೇ ಬೇರೆ. ಸಿಇಟಿ ಆದಮೇಲೆ 200 ಅಂಕದ ಒಂದು ಪ್ರಾಕ್ಟಿಕಲ್ ಪರೀಕ್ಷೆ ಇರುತ್ತದೆ. ಕಾಳು, ಗೊಬ್ಬರ, ಸಲಕರಣೆ ಮುಂದಿಟ್ಟು ಇದೇನು, ಇದು ಯಾತಕ್ಕೆ ಎಂದು ಕೇಳುತ್ತಾರೆ. ರ್‍ಯಾಂಕ್ ಕಟ್ಟುವಾಗ ಅರ್ಧ ತೂಕ ಈ ಪ್ರಾಕ್ಟಿಕಲ್‌ಗೆ. ಉಳಿದ ಅರ್ಧವನ್ನು ಪಿಯು ಅಂಕ, ಸಿಇಟಿ ಅಂಕ ಸಮವಾಗಿ ಹಂಚಿಕೊಳ್ಳುತ್ತವೆ. ಹೊಲ ನೋಡಿ ಬೆಳೆದ ಹುಡುಗಿಗೆ ಇದಕ್ಕಿಂತ ಬೇರೆ ಭಾಗ್ಯ ಬೇಕಾ? ಭೌತಶಾಸ್ತ್ರದಲ್ಲಿ ಕಳಕೊಂಡಿದ್ದನ್ನು ಕುಂಟೆ, ಕೂರಿಗೆಯಲ್ಲಿ ಗಿಟ್ಟಿಸಬಹುದು.

ಆದರೆ ಆ ಪರೀಕ್ಷೆಗೆ ಕೂರಬೇಕಾದರೆ ಅರ್ಜಿಯಲ್ಲಿ "ಕೃಷಿಕರ ಕೋಟಾ ಬೇಕು" ಎಂದು ಮೊದಲೇ ಕೇಳಿರಬೇಕು. ನಾವು ಬಿದ್ದದ್ದು ಇಲ್ಲೇ.

ಜನವರಿ ಕೊನೆಗೆ ಅರ್ಜಿ ಬಿಟ್ಟರು. ಅದಕ್ಕೆ ಬೇಕಾದ ಕಾಗದಗಳಲ್ಲಿ ಮುಖ್ಯವಾದದ್ದು ವ್ಯವಸಾಯಗಾರರ ಕುಟುಂಬದ ಸದಸ್ಯರು ಅನ್ನುವ ಪ್ರಮಾಣಪತ್ರ. ನಾಡಕಚೇರಿಗೆ ಅರ್ಜಿ ಹಾಕಿದರೆ ಬರುತ್ತದೆ. ಎರಡು ದಿನದ ಕೆಲಸ ಅಂದುಕೊಂಡು ಭಾವನ ಜೊತೆ ಹೋದೆ. ಕಂಪ್ಯೂಟರಿನಲ್ಲಿ ಪಹಣಿ ತೆಗೆದು ನೋಡಿದರೆ ಜಮೀನು ಇನ್ನೂ ಭಾವನ ಅಪ್ಪನ ಹೆಸರಲ್ಲೇ ಇದೆ. ಅವರು ತೀರಿಹೋಗಿ ಎಂಟು ವರ್ಷ. ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸುವ ಪೌತಿ ಖಾತೆ ಮಾಡಿಸಿಲ್ಲ. ಅಣ್ಣತಮ್ಮಂದಿರು ಮೂವರು, ಬಾಯಿಮಾತಿನಲ್ಲಿ ಭಾಗ ಆಗಿದೆ, ಬದು ಹಾಕಿಕೊಂಡು ಉಳುತ್ತಿದ್ದಾರೆ, ಜಗಳವಿಲ್ಲ. ಕಾಗದದಲ್ಲಿ ಮಾತ್ರ ನನ್ನ ಭಾವನಿಗೆ ಒಂದು ಗುಂಟೆ ಜಮೀನೂ ಇಲ್ಲ!

"ಎಷ್ಟು ಸಲ ಹೇಳ್ದೆ ನಿಮಗೆ" ಎಂದು ಅಕ್ಕ ಆ ರಾತ್ರಿ ಊಟ ಬಡಿಸುವಾಗ ಶುರು ಮಾಡಿದಳು. ಭಾವ ತಲೆ ಎತ್ತಲಿಲ್ಲ.

ವಂಶವೃಕ್ಷ ಬೇಕು, ಮರಣ ಪ್ರಮಾಣಪತ್ರ ಬೇಕು, ಅಣ್ಣತಮ್ಮಂದಿರ ಒಪ್ಪಿಗೆ ಬೇಕು ಎಂದರು. ಮರಣ ಪ್ರಮಾಣಪತ್ರದಲ್ಲಿ ತಾತನ ಹೆಸರಿನ ಒಂದು ಅಕ್ಷರ ಪಹಣಿಗೆ ಹೊಂದುತ್ತಿರಲಿಲ್ಲ. ದೊಡ್ಡ ಭಾವ ಕೆಲಸಕ್ಕೆಂದು ಮಂಗಳೂರಿನಲ್ಲಿದ್ದರು, ಸಹಿಗೆ ಬರಲು ಹತ್ತು ದಿನ ಹಿಡಿಯಿತು. ಯಾರನ್ನೂ ಬೈಯುವ ಹಾಗಿಲ್ಲ. ಎಂಟು ವರ್ಷ ಸುಮ್ನೆ ಕೂತಿದ್ದವರು ನಾವು. ಎಲ್ಲ ಮುಗಿದು ಪಹಣಿಯಲ್ಲಿ ಭಾವನ ಹೆಸರು ಕೂರುವ ಹೊತ್ತಿಗೆ ಎರಡೂವರೆ ತಿಂಗಳಾಗಿತ್ತು. ಅಷ್ಟರಲ್ಲಿ ಸಿಇಟಿಯೇ ಮುಗಿದಿತ್ತು.

ಈ ನಡುವೆ ನಾನು ಮಾಡಿದ ಘನಕಾರ್ಯ ಕೇಳಿ. ಅರ್ಜಿಗೆ ಕೊನೆಯ ದಿನ ಹತ್ತಿರ ಬಂತು, ಪ್ರಮಾಣಪತ್ರ ಬಂದಿರಲಿಲ್ಲ. ಸೈಬರ್ ಸೆಂಟರಿನ ಹುಡುಗ, "ಸಾರ್, ಸರ್ಟಿಫಿಕೇಟ್ ಇಲ್ಲ ಅಂದ್ರೆ ನೋ ಅಂತ ಹಾಕ್ಲಾ? ಆಮೇಲೆ ಪರಿಶೀಲನೆ ಟೈಮಲ್ಲಿ ತೋರಿಸ್ಬಹುದು" ಎಂದ. ನನಗೂ ಹಾಗೇ ಅನ್ನಿಸಿತು. ನಮ್ಮ ಕಾಲದಲ್ಲಿ ಒಂದು ಫೈಲು ಹಿಡಿದುಕೊಂಡು ಹೋಗಿ ಟೇಬಲ್ಲಿನ ಮುಂದೆ ಕೂತು ಒಂದೊಂದೇ ಕಾಗದ ತೋರಿಸಿದ್ದ ನೆನಪು. "ಹಾಕಪ್ಪ" ಎಂದೆ. ಹಾಕಿದ.

ಆಮೇಲೆ ತೋರಿಸುವುದು ಎಂಬುದೇ ಇಲ್ಲ. ಅರ್ಜಿಯಲ್ಲಿ ಕೇಳದೆ ಇರುವ ಮೀಸಲಾತಿಯನ್ನು ಪರಿಶೀಲನೆಯಲ್ಲಿ ನೋಡುವುದೇ ಇಲ್ಲ. ಅಲ್ಲಿ ನೋಡುವುದು ನೀವು ಕೇಳಿದ್ದಕ್ಕೆ ಕಾಗದ ಇದೆಯೋ ಇಲ್ಲವೋ ಎಂದಷ್ಟೇ. ತಿದ್ದುಪಡಿಗೆ ನಡುವೆ ಒಂದು ಅವಕಾಶ ಕೊಟ್ಟಿದ್ದರಂತೆ. ಅದು ಗೊತ್ತಾಗಿದ್ದು ಅದು ಮುಗಿದ ಮೇಲೆ. ಯಾಕೆ ಗೊತ್ತಾಗಲಿಲ್ಲ? ಅರ್ಜಿಯಲ್ಲಿ ಹಾಕಿದ್ದ ಮೊಬೈಲ್ ನಂಬರ್ ಸೈಬರ್ ಹುಡುಗನದ್ದು. ಓಟಿಪಿ ಬೇಗ ಬರಲಿ ಎಂದು ತನ್ನದೇ ನಂಬರ್ ಕೊಟ್ಟಿದ್ದ, ನಾನು ಗಮನಿಸಿರಲಿಲ್ಲ. ಮೆಸೇಜೆಲ್ಲ ಅವನಿಗೆ ಹೋಗಿವೆ. ಅವನು ತನ್ನ ಅಕ್ಕನ ಮದುವೆ ಓಡಾಟದಲ್ಲಿದ್ದ. ಅಂಥ ನೂರಾರು ಮೆಸೇಜು ಅವನಿಗೆ ದಿನಾ ಬರುತ್ತವೆ, ಪಾಪ.

ನಿಮ್ಮ ನಂಬರನ್ನೇ ಹಾಕಿಸಿ. ಹತ್ತು ನಿಮಿಷ ಜಾಸ್ತಿ ಆದರೂ ಪರವಾಗಿಲ್ಲ. ಅರ್ಜಿ ಕಳಿಸುವ ಮುಂಚೆ ಪ್ರಿಂಟ್ ತೆಗೆಸಿ ಮಗುವಿನ ಕೈಗೆ ಕೊಟ್ಟು ಒಂದೊಂದೇ ಸಾಲು ಜೋರಾಗಿ ಓದಿಸಿ. ನಾವು ಓದಿಸಿದ್ದರೆ ಇನ್ನೊಂದು ತಪ್ಪೂ ಸಿಗುತ್ತಿತ್ತು. ಜಾತಿ ಮತ್ತು ಆದಾಯ ಪ್ರಮಾಣಪತ್ರದ ಆರ್‌ಡಿ ನಂಬರನ್ನು, ಅಂದರೆ ಆ ಪತ್ರದ ಮೇಲಿರುವ ಸಂಖ್ಯೆಯನ್ನು, ಹಾಕಿದರೂ ಸೈಟ್ ಒಪ್ಪಿರಲಿಲ್ಲ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನಿಶಿಯಲ್ ಹೆಸರಿನ ಹಿಂದೆ, ಪ್ರಮಾಣಪತ್ರದಲ್ಲಿ ಇನಿಶಿಯಲ್ಲೇ ಇಲ್ಲ. ಅದನ್ನು ಸರಿಮಾಡಿಸಿ ಹೊಸ ಪತ್ರ ತಗೊಂಡೆವು, 2ಎ, ಅಂದರೆ ಹಿಂದುಳಿದ ವರ್ಗದ ಮೀಸಲಾತಿ, ಹೇಗೋ ಉಳಿಯಿತು. ಸಣ್ಣ ವಿಷಯ ಅನ್ನಿಸುತ್ತೆ, ಅಲ್ವಾ? ಕಂಪ್ಯೂಟರಿಗೆ ಸಣ್ಣದು ದೊಡ್ಡದು ಗೊತ್ತಾಗುವುದಿಲ್ಲ.

ಗ್ರಾಮೀಣ ಕೋಟಾದ ಬಗ್ಗೆಯೂ ಹೀಗೇ ಒಂದು ಭ್ರಮೆ ಇತ್ತು ನಮಗೆ. ಹಳ್ಳಿ ಹುಡುಗಿ, ಶೇ 15ರ ಗ್ರಾಮೀಣ ಮೀಸಲಾತಿ ಹೇಗೂ ಸಿಗುತ್ತೆ ಎಂದುಕೊಂಡಿದ್ದೆವು. ಅಲ್ಲಿ ಕೇಳುವುದು ನೀವು ಎಲ್ಲಿ ಮಲಗಿ ಏಳುತ್ತೀರಿ ಎಂದಲ್ಲ. 1ರಿಂದ 10ನೇ ತರಗತಿವರೆಗೆ ಪೂರಾ ಹತ್ತು ವರ್ಷ ಗ್ರಾಮೀಣ ಪ್ರದೇಶದ ಶಾಲೆಯಲ್ಲಿ ಓದಿರಬೇಕು. ಇವಳು ಎಂಟನೇ ಕ್ಲಾಸಿನಿಂದ ದಿನಾ ಬಸ್ಸಿನಲ್ಲಿ ತಾಲ್ಲೂಕು ಕೇಂದ್ರದ ಹೈಸ್ಕೂಲಿಗೆ ಹೋಗಿದ್ದಳು. ಅಲ್ಲಿಗೆ ಆ ಬಾಗಿಲೂ ಮುಚ್ಚಿತು. ಕನ್ನಡ ಮಾಧ್ಯಮದ ಶೇ 5 ಕೂಡ ಅಷ್ಟೇ, ಹತ್ತೂ ವರ್ಷ ಕನ್ನಡದಲ್ಲಿ ಓದಿರಬೇಕು. ಇವಳನ್ನು ಹೈಸ್ಕೂಲಿಗೆ ಇಂಗ್ಲಿಷ್ ಮಾಧ್ಯಮಕ್ಕೆ ಹಾಕಿಸಿದ್ದು ಯಾರು ಎಂದು ಕೇಳಬೇಡಿ.

ಫಲಿತಾಂಶ ಬಂತು. ನಾಲ್ಕು ವಿಷಯ, ಒಂದೊಂದಕ್ಕೆ 60 ಅಂಕ. ತಕ್ಕಮಟ್ಟಿಗೆ ಚೆನ್ನಾಗಿಯೇ ಮಾಡಿದ್ದಳು. ಆದರೆ ಕೋಟಾ ಇಲ್ಲದ ಸಾಲಿನಲ್ಲಿ, 2ಎ ಸೇರಿಸಿಯೂ, ಅವಳ ರ್‍ಯಾಂಕಿಗೆ ಯಾವ ಊರಿನ ಕೃಷಿ ಕಾಲೇಜೂ ಸಿಗಲಿಲ್ಲ. ಅವಳ ಕ್ಲಾಸಿನ ಒಬ್ಬ ಹುಡುಗ, ಸಿಇಟಿಯಲ್ಲಿ ಇವಳಿಗಿಂತ ಕಡಿಮೆ ತೆಗೆದವನು, ಪ್ರಾಕ್ಟಿಕಲ್ ಬರೆದು ಶಿವಮೊಗ್ಗದಲ್ಲಿ ಸೀಟು ಹಿಡಿದ. ಸ್ವೀಟ್ ಬಾಕ್ಸ್ ತಂದು ಕೊಟ್ಟು ಹೋದ. ಅವಳು ಒಂದು ತುಂಡು ತಿಂದು ಒಳಗೆ ಹೋದಳು.

ಇಂಥ ಹೊತ್ತಿಗೇ ಕಾದು ಕೂತಿರುತ್ತಾರೆ. ಅದೇ ವಾರ ಒಂದು ಕನ್ಸಲ್ಟೆನ್ಸಿಯಿಂದ ಫೋನ್. ನಮ್ಮ ನಂಬರ್ ಹೇಗೆ ಸಿಕ್ಕಿತೋ! ಹೊರರಾಜ್ಯದ ಖಾಸಗಿ ಕಾಲೇಜಿನಲ್ಲಿ ಬಿಎಸ್ಸಿ ಅಗ್ರಿ, ಸಿಇಟಿ ಗಿಇಟಿ ಏನೂ ಬೇಡ, "ಇವತ್ತೇ ಬ್ಲಾಕ್ ಮಾಡ್ಬೇಕು ಸಾರ್, ನಾಳೆ ಇರಲ್ಲ" ಎಂದರು. ನಾನು ಇಪ್ಪತ್ತೈದು ಸಾವಿರ ಕಟ್ಟಿದೆ. ಅಷ್ಟೇ ಆಗಿದ್ದರೆ ಹೋಗಲಿ ಅನ್ನಬಹುದಿತ್ತು. ಪಿಯು ಒರಿಜಿನಲ್ ಅಂಕಪಟ್ಟಿ ಮತ್ತು ಟಿಸಿಯನ್ನೂ ಕೊಟ್ಟೆ. ಮನೆಗೆ ಬಂದು ನಿಧಾನವಾಗಿ ಹುಡುಕಿದಾಗ ಆ ಕಾಲೇಜಿಗೆ ಐಸಿಎಆರ್ ಮಾನ್ಯತೆ ಕಾಣಲಿಲ್ಲ. ಐಸಿಎಆರ್ ಎಂದರೆ ದೇಶದ ಕೃಷಿ ಶಿಕ್ಷಣವನ್ನು ನೋಡಿಕೊಳ್ಳುವ ಭಾರತೀಯ ಕೃಷಿ ಅನುಸಂಧಾನ ಪರಿಷತ್ತು. ಅದರ ಮಾನ್ಯತೆ ಇಲ್ಲದ ಕಾಲೇಜಿನ ಪದವಿ ಹಿಡಿದುಕೊಂಡರೆ ಮುಂದೆ ಎಂಎಸ್ಸಿಗೆ ಹೋಗುವಾಗ ಒದ್ದಾಟ. ಬೇಡ ಎಂದಾಗ ಒರಿಜಿನಲ್ ಕೊಡಲು ಇನ್ನೂ ದುಡ್ಡು ಕೇಳಿದರು. ಪೊಲೀಸ್ ಸ್ಟೇಷನ್ನಿಗೆ ಹೋಗುತ್ತೇನೆ ಎಂದ ಮೇಲೆ ಅಂಕಪಟ್ಟಿ ಬಂತು. ಇಪ್ಪತ್ತೈದು ಸಾವಿರ ಬರಲಿಲ್ಲ. ಅಕ್ಕನಿಗೆ ಇವತ್ತಿಗೂ ಹತ್ತು ಸಾವಿರ ಎಂದೇ ಹೇಳಿದ್ದೇನೆ. ಅವಳು ಇದನ್ನು ಓದದಿರಲಿ.

ಬೇರೆ ದಾರಿ ಇರಲಿಲ್ಲವಾ ಎಂದರೆ, ಇತ್ತು. ಕೃಷಿ ವಿಶ್ವವಿದ್ಯಾಲಯಗಳ ಒಂದಷ್ಟು ಸೀಟು ದೇಶದ ಎಲ್ಲ ರಾಜ್ಯದವರಿಗೂ ಐಸಿಎಆರ್ ಕೋಟಾದಲ್ಲಿ ಹೋಗುತ್ತವೆ. 2023ರಿಂದ ಅದಕ್ಕೆ ಸಿಯುಇಟಿ ಎಂಬ ರಾಷ್ಟ್ರಮಟ್ಟದ ಪ್ರವೇಶ ಪರೀಕ್ಷೆ ಬರೆಯಬೇಕು. ಅದರ ಅರ್ಜಿಯೇ ಬೇರೆ, ಕೊನೆಯ ದಿನವೇ ಬೇರೆ. ಸಿಇಟಿ ಬರೆದರೆ ಎಲ್ಲ ಆಯಿತು ಎಂದುಕೊಂಡಿದ್ದ ನಮಗೆ ಅದರ ನೆನಪೇ ಆಗಲಿಲ್ಲ. ಇನ್ನು ಹತ್ತನೇ ಕ್ಲಾಸ್ ಮುಗಿಸಿದ ಮಕ್ಕಳಿರುವವರು ಕೃಷಿ ವಿಶ್ವವಿದ್ಯಾಲಯಗಳೇ ನಡೆಸುವ ಎರಡು ವರ್ಷದ ಕೃಷಿ ಡಿಪ್ಲೊಮಾ ನೋಡಿ. ಕನ್ನಡ ಮಾಧ್ಯಮದಲ್ಲೇ ಇದೆ, ಅದು ಮುಗಿಸಿದವರಿಗೂ ಪದವಿಯಲ್ಲಿ ಕೆಲವು ಸೀಟು ಇಟ್ಟಿರುತ್ತಾರೆ.

ಪಿಯು ಮೊದಲ ವರ್ಷದಲ್ಲಿ ಮಕ್ಕಳಿದ್ದರೆ ಈ ವಾರವೇ ಪಹಣಿ ತೆಗೆಸಿ ನೋಡಿ. ಯಾರ ಹೆಸರಿದೆ ಎಂದು ನೋಡಿದರೆ ಸಾಲದು, ಆಧಾರಿನಲ್ಲಿರುವ ಹಾಗೇ ಇದೆಯಾ ಎಂದೂ ನೋಡಿ. ಪೌತಿ ಖಾತೆ ಬಾಕಿ ಇದ್ದರೆ ಅಣ್ಣತಮ್ಮಂದಿರನ್ನು ಹಬ್ಬಕ್ಕೆ ಕರೆದಾಗಲೇ ಸಹಿ ಹಾಕಿಸಿಕೊಳ್ಳಿ. ಜಾತಿ ಆದಾಯ ಪತ್ರ ಐದು ವರ್ಷದ ಒಳಗಿನದಾ ಎಂದು ತಾರೀಕು ನೋಡಿ. ಆ ವರ್ಷದ ಸಿಇಟಿ ಮಾಹಿತಿ ಪುಸ್ತಕ ಪ್ರಾಧಿಕಾರದ ಸೈಟಿನಲ್ಲೇ ಸಿಗುತ್ತದೆ, ಅದನ್ನು ಓದಿ. ನನ್ನಂಥ ಮಾವಂದಿರನ್ನು ನಂಬಬೇಡಿ.

ಅವಳು ಈಗ ತಾಲ್ಲೂಕಿನ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಬಿಎಸ್ಸಿ ಸೇರಿದ್ದಾಳೆ, ಜೊತೆಗೆ ಇನ್ನೊಂದು ಸಲ ಸಿಇಟಿಗೆ ಓದುತ್ತಿದ್ದಾಳೆ. ಈ ಸಲ ಪ್ರಮಾಣಪತ್ರ ಡಿಸೆಂಬರಿನಲ್ಲೇ ಕೈಗೆ ಬಂತು. ಅರ್ಜಿಯನ್ನು ಅವಳೇ ಕೂತು ತುಂಬಿದಳು, ನನ್ನನ್ನು ಹತ್ತಿರ ಸೇರಿಸಲಿಲ್ಲ. ಮನೆಯಲ್ಲಿ ಖಾಲಿ ಮಾತ್ರೆ ಡಬ್ಬಿಗಳಲ್ಲೆಲ್ಲ ಕಾಳು ತುಂಬಿಟ್ಟಿದ್ದಾಳೆ. ಹೋದ ಭಾನುವಾರ ಊರಿಗೆ ಹೋದಾಗ ಭಾವ ಒಂದು ಡಬ್ಬಿ ಎತ್ತಿ ಪರೀಕ್ಷೆ ಮಾಡುತ್ತಿದ್ದರು. ಅವಳು ಸಾಮೆ ಎಂದಳು. ಭಾವ ಹಾರಕ ಎಂದರು. ದೊಡ್ಡ ಜಗಳವೇ ಆಯಿತು. ಕೊನೆಗೆ ಜಗಲಿಯ ಮೇಲೆ ಕೂತಿದ್ದ ಅವಳ ಅಜ್ಜಿ ಡಬ್ಬಿ ಇಸಿದುಕೊಂಡು ಅಂಗೈ ಮೇಲೆ ಸುರಿದುಕೊಂಡರು. ಬೆರಳಲ್ಲಿ ಒಂದು ಸಲ ಸವರಿ, "ಎರಡೂ ಅಲ್ಲ ಕಣ್ರೋ, ಇದು ಊದಲು" ಎಂದರು.